ದೀಕ್ಷಾಸ್ನಾನ ತೆಗೆದುಕೊಳ್ಳುವುದು ಎಂದರೆ ಯಾರಿಗೆ ಒಪ್ಪಿಸಿಕೊಡುವುದು?

ಹೊಸವಿಶ್ವಾಸಿ:

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ದೀಕ್ಷಾಸ್ನಾನಕ್ಕೆ (ಬ್ಯಾಪ್ಟಿಸಂಗೆ) ಮುಂಚಿನ ತರಗತಿಗಳಿಗೆ ಹೋಗುತ್ತಿದ್ದೇನೆ. ಕೆಲವು ವಿಷಯ ಇನ್ನೂ ಬಗೆಹರಿದಿಲ್ಲ, ತಿಳಿದವರು ಹೇಳಿ.

ರಕ್ಷಣೆ ನಂಬಿಕೆಯಿಂದಲೇ ಎಂದಾದರೆ ನೀರು ಯಾಕೆ ಬೇಕು? ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಯಾರೂ ದೀಕ್ಷಾಸ್ನಾನ ಕೊಡಲಿಲ್ಲವಲ್ಲ. ನಾನು ಕೂಸಾಗಿದ್ದಾಗ ತಲೆಗೆ ನೀರು ಹಾಕಿಸಿದ್ದಾರೆ. ಈಗ ಹೋಗುವ ಸಭೆಯಲ್ಲಿ ಅದು ಲೆಕ್ಕಕ್ಕಿಲ್ಲ, ಪೂರ್ತಿ ಮುಳುಗಬೇಕು ಎನ್ನುತ್ತಾರೆ. ಅಲ್ಲದೆ ಅಲ್ಲಿ ದೀಕ್ಷಾಸ್ನಾನ ಅಂದರೆ ಸಂಪೂರ್ಣ ಅಧೀನತೆ ಎಂದು ಪದೇ ಪದೇ ಹೇಳುತ್ತಾರೆ. ಯಾರಿಗೆ ಅಧೀನ, ಎಷ್ಟರ ಮಟ್ಟಿಗೆ ಅಧೀನ ಎಂಬುದು ಸ್ಪಷ್ಟವಾಗುತ್ತಿಲ್ಲ. ಕೊನೆಯದು, ನನಗೆ ನೀರೆಂದರೆ ಭಯ. ಮುಳುಗಿಸುವಾಗ ಏನೇನು ನಡೆಯುತ್ತದೆ ಎಂದು ಮೊದಲೇ ತಿಳಿದರೆ ಸಮಾಧಾನ.

ವಾಕ್ಯಧ್ಯಾನಿ:

ಮೊದಲ ಪ್ರಶ್ನೆಗೆ ಬರುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ತೆಗೆದು 3 ಮತ್ತು 4ನೇ ವಚನ ನಿಧಾನವಾಗಿ ಓದಿ. ಪೌಲ ಅಲ್ಲಿ ದೀಕ್ಷಾಸ್ನಾನವನ್ನು ಕೊಳೆ ತೊಳೆಯುವ ಸ್ನಾನ ಅನ್ನುವುದಕ್ಕಿಂತ ಹೂಣುವಿಕೆ ಎಂದು ಕಾಣುತ್ತಾನೆ. ಕ್ರಿಸ್ತನ ಮರಣದಲ್ಲಿ ಪಾಲುಗಾರನಾಗಿ ಆತನ ಜೊತೆ ಹೂಣಲ್ಪಡುವುದು, ಆತನು ಎದ್ದುಬಂದಂತೆ ಹೊಸ ಜೀವದಲ್ಲಿ ನಡೆಯುವುದು. ಸತ್ತವನು ತನ್ನನ್ನು ತಾನೇ ಹೂತುಕೊಳ್ಳುವುದಿಲ್ಲ, ಬೇರೆಯವರೇ ಹೂಳಬೇಕು. ಹಾಗಾಗಿಯೇ ಸಾಮಾನ್ಯವಾಗಿ ಸಭೆಗಳಲ್ಲಿ ಯಾರೂ ತನಗೆ ತಾನೇ ದೀಕ್ಷಾಸ್ನಾನ ಕೊಟ್ಟುಕೊಳ್ಳುವಂತಿಲ್ಲ. ಅಧೀನತೆ ಶುರುವಾಗುವುದು ಇಲ್ಲಿಂದಲೇ: ನಾನು ಮಾಡುವ ಸಾಧನೆ ಅಲ್ಲ, ಪಡೆಯುವ ಕೃಪೆ. ಹಲವು ಆರ್ಥೊಡಾಕ್ಸ್ ಸಭೆಗಳಲ್ಲಿ ಗುರುಗಳು 'ನಾನು ನಿನಗೆ ಕೊಡುತ್ತೇನೆ' ಎಂದು ಕೂಡ ಹೇಳುವುದಿಲ್ಲ. 'ದೇವರ ದಾಸನಾದ ಇಂಥವನು ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಹೊಂದುತ್ತಾನೆ' ಎಂಬ ಧಾಟಿಯಲ್ಲಿ ಹೇಳುತ್ತಾರೆ. ಕೊಡುವವನು ಹಿಂದೆ ಸರಿದು ನಿಲ್ಲುತ್ತಾನೆ.

ಯೇಸುವಿನ ದೀಕ್ಷಾಸ್ನಾನವನ್ನೂ ಇದರ ಜೊತೆಗೇ ಓದಬೇಕು (ಮತ್ತಾಯ 3:13-15). ಸ್ನಾನಿಕ ಯೋಹಾನನು ಕೊಡುತ್ತಿದ್ದ ಸ್ನಾನ ಪಾಪಿಗಳ ಮಾನಸಾಂತರಕ್ಕೆ, ಅಂದರೆ ಪಾಪ ಬಿಟ್ಟು ಮನಸ್ಸು ತಿರುಗಿಸುವುದಕ್ಕೆ. ಪಾಪವಿಲ್ಲದವನು ಆ ಸಾಲಿನಲ್ಲಿ ಬಂದು ನಿಂತಾಗ ಯೋಹಾನನೇ ತಡೆಯುತ್ತಾನೆ. ಯೇಸು ವಾದ ಮಾಡುವುದಿಲ್ಲ, ನೀತಿಯನ್ನೆಲ್ಲ ನೆರವೇರಿಸುವುದು ತಕ್ಕದ್ದು ಎಂದು ನೀರಿಗಿಳಿಯುತ್ತಾನೆ. ತನಗಿಂತ ಕೆಳಗಿನವನ ಕೈಗೆ ತಲೆಕೊಟ್ಟದ್ದು ತಂದೆಯ ಚಿತ್ತಕ್ಕೆ ಅಧೀನನಾಗಿ. ಯೊರ್ದನಿನಲ್ಲಿ ತೊಡಗಿದ ಆ ವಿಧೇಯತೆ ಗೆತ್ಸೇಮನೆಯ ಪ್ರಾರ್ಥನೆಯನ್ನು ದಾಟಿ ಶಿಲುಬೆಯ ತನಕ ಹೋಯಿತು (ಫಿಲಿಪ್ಪಿ 2:8).

ಇನ್ನು ಕಳ್ಳನ ವಿಷಯ. ಅವನೊಬ್ಬನನ್ನೇ ನೋಡಬೇಡಿ, ಮೂವರನ್ನು ಒಟ್ಟಿಗೆ ನೋಡಿ. ಕಳ್ಳನಿಗೆ ನೀರು ಸಿಗಲಿಲ್ಲ, ನನ್ನೊಂದಿಗೆ ಪರದೈಸಿನಲ್ಲಿರುವೆ ಎಂಬ ಯೇಸುವಿನ ಮಾತು ಸಿಕ್ಕಿತು. ರೋಮಿನ ಸೇನಾಧಿಕಾರಿ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮ ಮೊದಲೇ ಇಳಿದುಬಂದ. ಇನ್ನು ನೀರು ಯಾಕೆ ಎಂದು ಪೇತ್ರ ಬಿಟ್ಟುಬಿಡಲಿಲ್ಲ, ಆಗಲೇ ದೀಕ್ಷಾಸ್ನಾನ ಮಾಡಿಸಲು ಅಪ್ಪಣೆಕೊಟ್ಟ (ಅ. ಕೃತ್ಯಗಳು 10:44-48). ಸಮಾರ್ಯದ ಸೀಮೋನನಿಗೆ ನೀರು ಸಿಕ್ಕಿತ್ತು, ಆದರೂ ದೇವರ ವರವನ್ನು ಹಣಕ್ಕೆ ಕೊಳ್ಳಲು ಹೋದ. ನಿನ್ನ ಹೃದಯ ಸರಿಯಿಲ್ಲ ಎಂದು ಪೇತ್ರ ಅವನನ್ನು ಗದರಿಸಿದ (8:13-21). ನೀರಿಲ್ಲದ ಮಾತ್ರಕ್ಕೆ ದೇವರ ಕೈ ಮೋಟಾಗುವುದಿಲ್ಲ, ನೀರು ಬಿದ್ದ ಮಾತ್ರಕ್ಕೆ ಹೃದಯ ಬದಲಾಗುವುದಿಲ್ಲ. ಆದರೆ ನೀರೂ ಇದೆ, ಇಳಿಯಲು ಶಕ್ತಿಯೂ ಇದೆ ಎಂದಾಗ ಬೇಡ ಅನ್ನುವವನಿಗೆ ಕಳ್ಳನ ಉದಾಹರಣೆ ಒದಗಿಬರುವುದಿಲ್ಲ. ಅವನನ್ನು ಶಿಲುಬೆಗೆ ಹಾಕಿದ್ದರು, ಇಳಿದು ಬರುವಂತಿರಲಿಲ್ಲ.

ದೀಕ್ಷಾಸ್ನಾನದಲ್ಲೇ ಹೊಸ ಜನ್ಮ ದೊರೆಯುತ್ತದೆ ಎಂದು ಕಥೋಲಿಕ, ಆರ್ಥೊಡಾಕ್ಸ್, ಲೂಥರನ್ ಸಭೆಗಳು ಬೋಧಿಸುತ್ತವೆ. ಆಗಲೇ ದೊರೆತ ರಕ್ಷಣೆಗೆ ಕೊಡುವ ಬಹಿರಂಗ ಸಾಕ್ಷಿ ಎಂದು ಬ್ಯಾಪ್ಟಿಸ್ಟರು, ಹೆಚ್ಚಿನ ಪೆಂತೆಕೊಸ್ತಿನವರು ಬೋಧಿಸುತ್ತಾರೆ. ಈ ಭೇದ ದೊಡ್ಡದೇ, ಮುಚ್ಚಿಡಬೇಕಾಗಿಲ್ಲ. ಆದರೆ ಎರಡು ಕಡೆಯವರೂ ಇದನ್ನು ಮಾಡುವುದು ಕರ್ತನ ಆಜ್ಞೆ ಎಂದೇ (ಮತ್ತಾಯ 28:19).

ಉಪದೇಶಿ:

ಎಳೆತನದ ದೀಕ್ಷಾಸ್ನಾನದ ಬಗ್ಗೆ ಕಥೋಲಿಕ ಕ್ರಮ ಏನೆಂದು ಹೇಳುತ್ತೇನೆ. ಹಲವು ಪ್ರಾಟೆಸ್ಟಂಟ್ ಸಭೆಗಳೂ ಹೆಚ್ಚುಕಡಿಮೆ ಇದನ್ನೇ ಒಪ್ಪುತ್ತವೆ.

ಸಂಸ್ಕಾರ ಸಿಂಧುವಾಗಲು ಬೇಕಾದದ್ದು ನಿಜವಾದ ನೀರು, 'ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ' ಎಂಬ ಮಾತು, ಸಭೆ ಮಾಡುವುದನ್ನೇ ಮಾಡುತ್ತೇನೆ ಎಂಬ ಉದ್ದೇಶ. ಮುಳುಗಿಸಿದರೂ ಆಯಿತು, ತಲೆಯ ಮೇಲೆ ಹೊಯ್ದರೂ ಆಯಿತು. ಹೊಯ್ಯುವಾಗ ನೀರು ಚರ್ಮಕ್ಕೆ ತಾಗಿ ಹರಿಯಬೇಕು. ಕೂದಲು ದಟ್ಟವಾಗಿದ್ದು ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಸಂಶಯಕ್ಕೆ ಎಡೆಯಾಗುತ್ತದೆ, ಅದಕ್ಕೇ ಹಣೆಯ ಮೇಲೆ ಮೂರು ಸಲ ಧಾರೆಯಾಗಿ ಹೊಯ್ಯುವುದು. ಮಾತು ಮತ್ತು ನೀರು ಒಟ್ಟಿಗೆ ಸಾಗಬೇಕು. ಒಬ್ಬರು ಮಂತ್ರ ಹೇಳಿ ಇನ್ನೊಬ್ಬರು ನೀರು ಹಾಕುವಂತಿಲ್ಲ.

ಮಾತು ತಪ್ಪಿದರೆ ಏನಾಗುತ್ತದೆ? 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಈ ಬಗ್ಗೆ ಖಚಿತ ಉತ್ತರ ಕೊಟ್ಟಿತು. 'ನಾನು' ಎನ್ನುವ ಬದಲು 'ನಾವು ನಿನಗೆ ದೀಕ್ಷಾಸ್ನಾನ ಕೊಡುತ್ತೇವೆ' ಎಂದು ಹೇಳಿ ಕೊಟ್ಟದ್ದು ಅಸಿಂಧು, ಅಂಥವರಿಗೆ ಮೊದಲಿನಿಂದ ಕೊಡಬೇಕು. ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಹಲವರಿಗೆ ಅನ್ನಿಸಿತು. ಆದರೆ ಕಾರಣ ನಿಮ್ಮ ಪ್ರಶ್ನೆಗೆ ನೇರವಾಗಿ ಸೇರಿದ್ದು. ಗುರುವಿನ ಮೂಲಕ ದೀಕ್ಷಾಸ್ನಾನ ಕೊಡುವವನು ಕ್ರಿಸ್ತನೇ. ಸಭೆ ಸೇರಿದ ಜನ ತಮ್ಮ ಹೆಸರಿನಲ್ಲಿ ಕೊಡುವುದಲ್ಲ.

ಗುರು ದುರ್ನಡತೆಯವನಾಗಿದ್ದರೆ? ಅದು ನಿಮ್ಮ ದೀಕ್ಷಾಸ್ನಾನವನ್ನು ಕೆಡಿಸುವುದಿಲ್ಲ. ಕೆಟ್ಟ ಗುರು ಕೊಟ್ಟ ಸಂಸ್ಕಾರ ಸಲ್ಲದು ಎನ್ನುತ್ತಿದ್ದ ಡೊನಾಟಿಸ್ಟರ ಜೊತೆಗಿನ ಜಗಳದಲ್ಲಿ ಸಭಾಪಿತೃ ಅಗಸ್ಟೀನ್ ಹಿಡಿದ ನಿಲುವು ಇದೇ.

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ ದಾಖಲೆ ಹುಡುಕುವುದು. ದೀಕ್ಷಾಸ್ನಾನ ನಡೆದ ಚರ್ಚಿನ ರಿಜಿಸ್ಟರಿನಿಂದ ಪ್ರಮಾಣಪತ್ರ ತರಿಸಿ. ದಾಖಲೆ ಸಿಗದಿದ್ದರೆ ಕಣ್ಣಾರೆ ಕಂಡ ನಂಬಿಗಸ್ತ ಸಾಕ್ಷಿ ಒಬ್ಬರಿದ್ದರೂ ಸಾಕು. ಎಷ್ಟು ವಿಚಾರಿಸಿದರೂ ಸಂಶಯ ಉಳಿದರೆ ಮಾತ್ರ 'ನಿನಗೆ ದೀಕ್ಷಾಸ್ನಾನ ಆಗಿಲ್ಲದಿದ್ದರೆ' ಎಂಬ ಷರತ್ತು ಸೇರಿಸಿ ಕೊಡುತ್ತಾರೆ. ಸಿಂಧುವಾಗಿ ಆದದ್ದನ್ನು ಮತ್ತೆ ಮಾಡುವುದಿಲ್ಲ. ಒಬ್ಬನೇ ಕರ್ತ, ಒಂದೇ ನಂಬಿಕೆ, ಒಂದೇ ದೀಕ್ಷಾಸ್ನಾನ (ಎಫೆಸ 4:5). ನಿಮಗಾಗಿ ಆಗ ದೊಡ್ಡವರು ಕೊಟ್ಟ ಮಾತನ್ನು ಈಗ ನೀವೇ ಬಾಯಿಬಿಟ್ಟು ಒಪ್ಪಿಕೊಳ್ಳಲು ದೃಢೀಕರಣ ಎಂಬ ಸಂಸ್ಕಾರ ಇದೆ, ಪಾಸ್ಕ (ಈಸ್ಟರ್) ಜಾಗರಣೆಯಲ್ಲಿ ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸುವ ಕ್ರಮವೂ ಇದೆ.

ಸಭಾಹಿರಿಯ:

ಉಪದೇಶಿಯವರ ಮಾತಿಗೆ ಗೌರವವಿದೆ, ಆದರೆ ನಮ್ಮ ಕಡೆಯ ವಾದವನ್ನೂ ಕೇಳಿಸಿಕೊಳ್ಳಿ. ಹೊಸ ಒಡಂಬಡಿಕೆಯಲ್ಲಿ ಹೆಸರು ಹೇಳಿ ವಿವರಿಸಿದ ಕಡೆಯಲ್ಲೆಲ್ಲ ಕೇಳುವುದು, ನಂಬುವುದು, ಆಮೇಲೆ ನೀರು. ಅಪೊಸ್ತಲರ ಕೃತ್ಯಗಳು 2:38ರಲ್ಲಿ ಮಾನಸಾಂತರ ಮೊದಲು ಬರುತ್ತದೆ. ಲುದ್ಯಳ ಮನೆಯವರು, ಸೆರೆಮನೆಯ ಅಧಿಕಾರಿಯ ಮನೆಯವರು ದೀಕ್ಷಾಸ್ನಾನ ಮಾಡಿಸಿಕೊಂಡರು ಎಂದಿದೆ, ನಿಜ. ಆ ಮನೆಗಳಲ್ಲಿ ಕೂಸುಗಳಿದ್ದವೋ ಇಲ್ಲವೋ ವಾಕ್ಯ ಹೇಳುವುದಿಲ್ಲ, ಆದ್ದರಿಂದ ಅದರ ಮೇಲೆ ಎರಡು ಕಡೆಯವರೂ ಹೆಚ್ಚು ಭಾರ ಹಾಕಬಾರದು. ಒಪ್ಪಿಸಿಕೊಡುವುದು ಎಂದರೆ ಒಪ್ಪಿಗೆ ಇರಬೇಕು, ಅದನ್ನು ಬೇರೆಯವರು ಕೊಡಲಾಗದು ಎಂಬುದು ನಮ್ಮ ನಂಬಿಕೆ. 1525ರ ಜನವರಿ 21ರಂದು ಜೂರಿಕ್‌ನಲ್ಲಿ ಕೂಸುತನದ ಸ್ನಾನ ಆಗಿದ್ದವರೇ ಮತ್ತೆ ದೀಕ್ಷಾಸ್ನಾನ ತೆಗೆದುಕೊಂಡದ್ದು ಈ ನಂಬಿಕೆಯಿಂದಲೇ. ಅದಕ್ಕಾಗಿ ಕೆಲವರನ್ನು ಆಮೇಲೆ ನೀರಲ್ಲೇ ಮುಳುಗಿಸಿ ಕೊಂದರು. ಹಗುರವಾಗಿ ಎತ್ತಿಕೊಳ್ಳುವ ವಿಷಯವಲ್ಲ. ನೀವು ಎರಡನ್ನೂ ಓದಿ ಪ್ರಾರ್ಥಿಸಿ ನಿರ್ಧರಿಸಿ. ಪಕ್ಕದವರು ಒತ್ತಾಯಿಸಿದರೆಂದು ಮಾತ್ರ ಇಳಿಯಬೇಡಿ.

ಈಗ ನೀರಿನ ವಿಷಯ. ನಿಂತಾಗ ನೀರು ಸೊಂಟಕ್ಕಿಂತ ಸ್ವಲ್ಪ ಮೇಲೆ ಬಂದರೆ ಸಾಕು. ತೀರಾ ಕಡಿಮೆಯಿದ್ದರೆ ತಲೆ ತಳಕ್ಕೆ ಬಡಿಯುತ್ತದೆ, ಎದೆ ದಾಟಿದರೆ ಕಾಲು ತೇಲಿ ಹಿಡಿತ ತಪ್ಪುತ್ತದೆ. ಪಾಸ್ಟರ್ ನಿಮ್ಮ ಪಕ್ಕಕ್ಕೆ ನಿಂತು ಒಂದು ಕೈಯನ್ನು ಬೆನ್ನಿನ ಮೇಲ್ಭಾಗಕ್ಕೆ ಕೊಡುತ್ತಾರೆ. ನೀವು ಒಂದು ಕೈಯಿಂದ ಮೂಗು ಹಿಡಿದು, ಇನ್ನೊಂದರಿಂದ ಅವರ ಮುಂಗೈ ಹಿಡಿಯಿರಿ. ನಿಮ್ಮ ನಂಬಿಕೆಯ ಬಗ್ಗೆ ಕೇಳುವ ಪ್ರಶ್ನೆಗೆ ಉತ್ತರಿಸಿ, ಅವರು ತ್ರಿಯೇಕ ದೇವರ ಹೆಸರು ಹೇಳಿ ಮುಗಿಸಿದ ಮೇಲೆ ಉಸಿರು ಎಳೆದು ಬಾಯಿ ಮುಚ್ಚಿ. ಆಮೇಲೆ ಮೊಣಕಾಲು ಮಡಚಿ ಹಿಂದಕ್ಕೆ ಒರಗಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಭಯದಿಂದ ಕಾಲು ಸೆಟೆದುಕೊಳ್ಳುತ್ತಾರೆ, ಪಾದ ಜಾರಿ ಮೇಲೆದ್ದು ಪೂರಾ ಭಾರ ಪಾಸ್ಟರ ತೋಳಿನ ಮೇಲೆ ಬೀಳುತ್ತದೆ. ಮೊಣಕಾಲು ಮಡಚಿದ್ದರೆ ಪಾದ ತಳದಲ್ಲೇ ಇರುತ್ತದೆ, ನೀವೇ ಒತ್ತಿ ಏಳಬಹುದು. ನೀರೊಳಗೆ ಇರುವುದು ಒಂದೆರಡು ಸೆಕೆಂಡು. ಹಿಂದಿನ ದಿನ ನೆಲದ ಮೇಲೆ ಒಂದು ಸಲ ಅಭ್ಯಾಸ ಮಾಡಿಸಿ ಎಂದು ಕೇಳಿ, ಯಾರೂ ಬೇಡ ಅನ್ನುವುದಿಲ್ಲ.

ಹರಿಯುವ ಹೊಳೆಯಾದರೆ ತಲೆ ಪ್ರವಾಹ ಬರುವ ದಿಕ್ಕಿಗೆ ಒರಗಬೇಕು. ಆಗ ನೀರು ಮೂಗಿಗೆ ನುಗ್ಗುವುದಿಲ್ಲ, ಎಬ್ಬಿಸುವಾಗ ಸೆಳೆತವೇ ಬೆನ್ನಿಗೆ ಒತ್ತು ಕೊಡುತ್ತದೆ. ಬಟ್ಟೆ ದಪ್ಪ ಹತ್ತಿಯದು, ಗಾಢ ಬಣ್ಣದ್ದಿರಲಿ. ಬಿಳಿ ತೆಳುಬಟ್ಟೆ ಒದ್ದೆಯಾದರೆ ಮೈ ಕಾಣುತ್ತದೆ, ಬಿಳಿ ನಿಲುವಂಗಿಯೇ ಬೇಕೆಂದರೆ ಒಳಗೆ ಗಾಢ ಬಟ್ಟೆ ತೊಡಿ.

ತೊಟ್ಟಿ ಸಿದ್ಧಮಾಡುವವರಿಗೆ ಎರಡು ಮಾತು. 2 ಮೀಟರ್ ಉದ್ದ, 1.5 ಮೀಟರ್ ಅಗಲ, 1 ಮೀಟರ್ ಆಳಕ್ಕೆ 3,000 ಲೀಟರ್ ನೀರು ಹಿಡಿಯುತ್ತದೆ, ಅಂದರೆ ನೀರೇ 3 ಟನ್. ಮಹಡಿಯ ಮೇಲೆ ತಾತ್ಕಾಲಿಕ ತೊಟ್ಟಿ ಇಡುವ ಮುಂಚೆ ಇಂಜಿನಿಯರನ್ನು ಕೇಳಿ. ಮತ್ತು ಇದನ್ನು ದಯಮಾಡಿ ಮರೆಯಬೇಡಿ: ನೀರು ಕಾಯಿಸುವ ಹೀಟರಿನ ಪ್ಲಗ್ ಕಿತ್ತ ಮೇಲೆಯೇ ಜನ ಇಳಿಯಬೇಕು, ವೈರ್ ಇರುವ ಮೈಕನ್ನು ನೀರಲ್ಲಿ ನಿಂತವರು ಮುಟ್ಟಲೇಬಾರದು. ಇದರಿಂದ ಪ್ರಾಣ ಹೋದದ್ದುಂಟು.

ಭಯ ಅಷ್ಟಕ್ಕೂ ಬಿಡದಿದ್ದರೆ, ಅಥವಾ ಉಬ್ಬಸ, ಮೂರ್ಛೆರೋಗ ಇದ್ದರೆ, ಮುಚ್ಚಿಡದೆ ಪಾಸ್ಟರಿಗೆ ಹೇಳಿ. ನೀರಲ್ಲಿ ಮೊಣಕಾಲೂರಿ ಮುಂದಕ್ಕೆ ಬಾಗುವ ಕ್ರಮವೂ ಇದೆ. ಅಪೊಸ್ತಲರ ಕಾಲಕ್ಕೆ ತೀರಾ ಹತ್ತಿರದ ದಿದಖೆ ಎಂಬ ಬರಹದ 7ನೇ ಅಧ್ಯಾಯದಲ್ಲಿ ಹರಿಯುವ ನೀರು ಉತ್ತಮ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಎರಡೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿರಿ ಎಂದಿದೆ. ಮುಳುಗಿಸುವುದೇ ಸರಿ ಎನ್ನುವ ನಾನು ಇದನ್ನು ಬೇಕೆಂದೇ ಹೇಳುತ್ತಿದ್ದೇನೆ.

ಹೊಸವಿಶ್ವಾಸಿ:

ತುಂಬಾ ಉಪಕಾರವಾಯಿತು. ಅಧೀನತೆಯ ಬಗ್ಗೆ ಇನ್ನೊಂದು ಮಾತು. ತರಗತಿಯ ಕೊನೆಗೆ ಒಂದು ಕಾಗದಕ್ಕೆ ಸಹಿ ಮಾಡಿಸುತ್ತಾರೆ. ಸಭೆಯ ನಾಯಕರಿಗೆ ಎಲ್ಲಾ ವಿಷಯದಲ್ಲೂ ಅಧೀನನಾಗಿರುತ್ತೇನೆ, ಕೆಲಸ, ಮದುವೆ, ಹಣದ ತೀರ್ಮಾನಗಳಿಗೆ ಅವರ ಅಪ್ಪಣೆ ಪಡೆಯುತ್ತೇನೆ ಎಂದು ಅದರಲ್ಲಿದೆ. ಇದಕ್ಕೆ ಇಬ್ರಿಯ 13:17 ಆಧಾರ ಕೊಡುತ್ತಾರೆ.

ವಾಕ್ಯಧ್ಯಾನಿ:

ಸಹಿ ಮಾಡಬೇಡಿ. ಅದು ದೀಕ್ಷಾಸ್ನಾನದ ಭಾಗವಲ್ಲ.

ಇಬ್ರಿಯ 13:17 ಸಭಾನಾಯಕರ ಮಾತು ಕೇಳಿ ಎನ್ನುವುದು ನಿಜ. ಅದೇ ವಚನ ಅವರು ನಿಮ್ಮ ಆತ್ಮಗಳ ಬಗ್ಗೆ ದೇವರಿಗೆ ಲೆಕ್ಕ ಒಪ್ಪಿಸಬೇಕು ಎಂದೂ ಹೇಳುತ್ತದೆ. ಅದರ ಪಕ್ಕಕ್ಕೆ 1 ಪೇತ್ರ 5:3 ಇಡಿ: ಹಿರಿಯರು ಮಂದೆಯ ಮೇಲೆ ದೊರೆತನ ಮಾಡಬಾರದು, ಮಾದರಿಯಾಗಿರಬೇಕು. ಅಪೊಸ್ತಲರ ಕೃತ್ಯಗಳು 5:29 ಇಡಿ: ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು. ಎಫೆಸ 5ರಲ್ಲಿ ಹೆಂಡತಿಯರ ಮಾತು ಬರುವ ಮುಂಚೆಯೇ 21ನೇ ವಚನದಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ, ಅದನ್ನು ಹಾರಿಸಿ ಮುಂದಿನದನ್ನು ಮಾತ್ರ ಓದಿಸುವವರ ಬಗ್ಗೆ ಎಚ್ಚರವಿರಲಿ. ಎಲ್ಲಕ್ಕಿಂತ ನೇರವಾದದ್ದು 1 ಕೊರಿಂಥ 1:13-15. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಸಭೆ ಒಡೆದಿತ್ತು. ಪೌಲ ಕೇಳುತ್ತಾನೆ: ನಿಮಗೋಸ್ಕರ ಶಿಲುಬೆಗೆ ಹೋದವನು ಪೌಲನೋ? ಪೌಲನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಿರೋ? ಅಲ್ಲಿ ತಾನು ಕೆಲವರಿಗೆ ಮಾತ್ರ ದೀಕ್ಷಾಸ್ನಾನ ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ ಹೇಳುತ್ತಾನೆ, ತನ್ನ ಹೆಸರಿಗೆ ಯಾರೂ ಅಂಟಿಕೊಳ್ಳಬಾರದೆಂದು.

4ನೇ ಶತಮಾನದ ಯೆರೂಸಲೇಮಿನಲ್ಲಿ ದೀಕ್ಷಾಸ್ನಾನಕ್ಕೆ ಬಂದವರು ಮೊದಲು ಪಶ್ಚಿಮಕ್ಕೆ ಮುಖಮಾಡಿ ಕೈಚಾಚಿ ಸೈತಾನನನ್ನು, ಅವನ ಕ್ರಿಯೆಗಳನ್ನು ತ್ಯಜಿಸುತ್ತಿದ್ದರು. ಆಮೇಲೆ ಪೂರ್ವಕ್ಕೆ ತಿರುಗಿ ತಂದೆ, ಮಗ, ಪವಿತ್ರಾತ್ಮನಲ್ಲಿ ನಂಬಿಕೆ ಅರಿಕೆ ಮಾಡುತ್ತಿದ್ದರು. ಒಬ್ಬ ಒಡೆಯನನ್ನು ಬಿಟ್ಟು ಇನ್ನೊಬ್ಬನ ಕಡೆಗೆ ತಿರುಗುವುದು ಅಷ್ಟೇ. ನಡುವೆ ಮೂರನೆಯ ಒಡೆಯನಿಗೆ ಜಾಗವಿರಲಿಲ್ಲ.

ಹಾಗಾದರೆ ದಿನನಿತ್ಯದಲ್ಲಿ ಅಧೀನತೆ ಹೇಗಿರುತ್ತದೆ? ಲೂಕ 3:10-14 ನೋಡಿ. ಸ್ನಾನಕ್ಕೆ ಬಂದ ಜನ ನಾವೇನು ಮಾಡಬೇಕು ಎಂದು ಯೋಹಾನನನ್ನು ಕೇಳುತ್ತಾರೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ನೇಮಕಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸಿಪಾಯಿಗಳು ಬೆದರಿಸಿ ಕಸಿದುಕೊಳ್ಳದೆ ಸಂಬಳದಲ್ಲಿ ತೃಪ್ತರಾಗಿರಲಿ. ಯೋಹಾನ ಯಾರಿಗೂ ನನ್ನ ಅಪ್ಪಣೆ ಕೇಳಿ ಬದುಕಿ ಎಂದು ಹೇಳಲಿಲ್ಲ. ಅವರವರ ಕೆಲಸದಲ್ಲಿ, ಅವರವರ ಕೈಗೆ ಹಣ ಬರುವ ಜಾಗದಲ್ಲೇ ಬೆರಳಿಟ್ಟ.

ಸಭಾಹಿರಿಯ:

ಇದಕ್ಕೆ ನನ್ನ ಸಹಮತವಿದೆ. ಕಾಗದ ಕೊಟ್ಟವರನ್ನು ವಿನಯದಿಂದಲೇ ಕೇಳಿ: ಸಹಿ ಮಾಡದಿದ್ದರೆ ದೀಕ್ಷಾಸ್ನಾನ ಕೊಡುತ್ತೀರಾ? ಮುಂದೆ ಸಭೆ ಬಿಟ್ಟು ಹೋದರೆ ಅದು ಹೋಗಿಬಿಡುತ್ತದೆ ಎನ್ನುತ್ತೀರಾ? ಹಿರಿಯರು ತಪ್ಪಿದರೆ ಅವರನ್ನು ತಿದ್ದುವವರು ಯಾರು? ಹಿರಿಯರ ಸಲಹೆ ಕೇಳುವುದು, ಪಾಪದಲ್ಲಿ ಬಿದ್ದಾಗ ತಿದ್ದಿಸಿಕೊಳ್ಳುವುದು ವಿಶ್ವಾಸಿಗೆ ಒಳ್ಳೆಯದೇ. ಮದುವೆಗೂ ಸಂಬಳಕ್ಕೂ ಅಪ್ಪಣೆ ಕೇಳುವುದು ಬೇರೆ. ಐಥಿಯೋಪ್ಯದ ಕಂಚುಕಿಗೆ ದೀಕ್ಷಾಸ್ನಾನ ಆದ ಕೂಡಲೇ ಕರ್ತನ ಆತ್ಮ ಅದನ್ನು ಕೊಟ್ಟ ಫಿಲಿಪ್ಪನನ್ನು ಅಲ್ಲಿಂದ ಎತ್ತಿಕೊಂಡು ಹೋಯಿತು. ಆ ಮನುಷ್ಯ ಸಂತೋಷದಿಂದ ತನ್ನ ದಾರಿ ಹಿಡಿದ (ಅ. ಕೃತ್ಯಗಳು 8:39). ಮೇಲಿನ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬರದಿದ್ದರೆ ತಾರೀಖು ಮುಂದಕ್ಕೆ ಹಾಕಿಸಿ, ಬೇರೊಂದು ಸಭೆಯ ಪಾಸ್ಟರನ್ನೋ ಗುರುಗಳನ್ನೋ ಕಂಡು ಆ ಕಾಗದವನ್ನು ತೋರಿಸಿ.