ಗಿಫ್ಟ್ ಬಾಕ್ಸ್ ಕೇಕ್: ಮಳೆಗಾಲದಲ್ಲಿ ಫಾಂಡಂಟ್ ಮುಚ್ಚಳ ಜೋಲುತ್ತಿದೆ, ಏನು ಮಾಡಲಿ?

ಮಡಿಕೇರಿ_ಕೇಕ್:
ಎಲ್ಲರಿಗೂ ನಮಸ್ಕಾರ. ಈ ಆಗಸ್ಟ್ ಕೊನೆಗೆ ವಿರಾಜಪೇಟೆಯಲ್ಲಿ ಒಂದು ನಿಶ್ಚಿತಾರ್ಥ ಇದೆ. ಗಿಫ್ಟ್ ಬಾಕ್ಸ್ ಕೇಕ್ ಕೇಳಿದ್ದಾರೆ. 6 ಇಂಚಿನ ಚೌಕ ಕೇಕ್. ಮುಚ್ಚಳ ಒಂದು ಕಡೆ ಎದ್ದು ಓರೆಯಾಗಿ ನಿಂತಿರಬೇಕು, ಸಂದಿಯಲ್ಲಿ ಹೂವು, ಚಾಕೊಲೇಟ್ ಇಣುಕಬೇಕು. ಮುಚ್ಚಳವನ್ನೂ ತಿನ್ನುವ ಹಾಗಿರಬೇಕು ಅಂತ ಹುಡುಗಿ ಮನೆಯವರು ಒತ್ತಿ ಹೇಳಿದ್ದಾರೆ.

ತೊಂದರೆ ಆ ಮುಚ್ಚಳದ್ದೇ. ಅಂಗಡಿ ಫಾಂಡಂಟ್‌ಗೆ (ಲಟ್ಟಿಸಿ ಕೇಕ್‌ಗೆ ಹೊದಿಸುವ ಸಕ್ಕರೆ ಹಿಟ್ಟು) ಗಟ್ಟಿಯಾಗಲಿ ಅಂತ ಸಿಎಂಸಿ ಪುಡಿ ಹಾಕಿ ನಾದುತ್ತೇನೆ, 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ತಟ್ಟೆಯಲ್ಲಿ ಒಣಗಲು ಇಡುತ್ತೇನೆ. ಮಾರನೇ ದಿನ ಮೇಲೆ ಮುಟ್ಟಿದರೆ ಗಟ್ಟಿ. ಎತ್ತಿದರೆ ಮೂಲೆಗಳು ಜೋಲುತ್ತವೆ. ಹೇಗೋ ಕೇಕ್ ಮೇಲೆ ಕೂರಿಸಿದರೂ ನಡುಭಾಗ ಕುಸಿದು ಅಂಟಂಟಾಗುತ್ತದೆ. ಮಡಿಕೇರಿ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಿಂದ ಬಟ್ಟೆಯೇ ಸರಿಯಾಗಿ ಒಣಗುತ್ತಿಲ್ಲ. ಸೌದೆ ಒಲೆ ಮೇಲಿನ ಅಟ್ಟದಲ್ಲಿ ಇಡು ಅಂತಾರೆ ಅತ್ತೆ. ಇಡಬಹುದಾ?

ಗೋಣಿಕೊಪ್ಪ_ಓವನ್:
ಅಕ್ಕಾ, ಅಟ್ಟಕ್ಕೆ ಮಾತ್ರ ಬೇಡ. ಬಿಸಿ ಸಿಗುತ್ತದೆ, ನಿಜ. ಆದರೆ ಮಸಿ ಕೂರುತ್ತದೆ, ಬಿಳಿ ಮುಚ್ಚಳಕ್ಕೆ ಹೊಗೆ ವಾಸನೆ ಹಿಡಿಯುತ್ತದೆ. ಎರಡು ವಿಷಯ ತಿಳಿಸಿ. ಕೇಕ್ ಮೇಲೆ ಏನು ಹಚ್ಚುತ್ತೀರಿ, ವಿಪ್ಡ್ ಕ್ರೀಮಾ, ಚಾಕೊಲೇಟ್‌ಗೆ ಕ್ರೀಮ್ ಬೆರೆಸಿದ ಗನಾಶಾ? ಮುಚ್ಚಳ ಕೂರಿಸಿದ ಮೇಲೆ ಫ್ರಿಜ್‌ನಲ್ಲಿ ಇಡುತ್ತೀರಾ?

ಮಡಿಕೇರಿ_ಕೇಕ್:
ವಿಪ್ಡ್ ಕ್ರೀಮ್. ಹಾಗಾಗಿ ಫ್ರಿಜ್ ಬೇಕೇ ಬೇಕು.

ಗೋಣಿಕೊಪ್ಪ_ಓವನ್:
ಹಾಗಾದರೆ ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ.

ಮೊದಲನೆಯದು, ಮುಚ್ಚಳ ಪೂರ್ತಿ ಒಣಗುತ್ತಿಲ್ಲ. ಫಾಂಡಂಟ್ ಮೆತ್ತಗಿರಲಿ ಅಂತಲೇ ಅದಕ್ಕೆ ಗ್ಲಿಸರಿನ್, ಗ್ಲೂಕೋಸ್ ಸಿರಪ್ ಹಾಕಿರುತ್ತಾರೆ. ಅವೆರಡೂ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಕ್ಕರೆಯೂ ಗಾಳಿಯ ತೇವ ಎಳೆಯುತ್ತದೆ. ಸಿಎಂಸಿ ಹಾಕಿದರೆ ಗಟ್ಟಿಯಾಗುತ್ತದೆ, ಆದರೆ ಒಳಗಿನ ನೀರು ಹೊರಗೆ ಹೋಗಲು ಒಣ ಗಾಳಿ ಬೇಕಲ್ವಾ? ತಟ್ಟೆಯಲ್ಲಿ ಇಟ್ಟರೆ ಅಡಿಭಾಗಕ್ಕೆ ಗಾಳಿಯೇ ಆಡುವುದಿಲ್ಲ. ಒಣಗಿದೆಯಾ ಅಂತ ನೋಡಲು ಮೇಲೆ ಒತ್ತಬೇಡಿ. ಮುಚ್ಚಳ ತಿರುಗಿಸಿ ಅದರ ಅಡಿಯನ್ನು ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಇನ್ನೂ ನೀರು ಆರುತ್ತಿದೆ ಅಂತ ಅರ್ಥ. ಪೂರ್ತಿ ಒಣಗಿದ್ದು ತಣ್ಣಗೆ ಅನ್ನಿಸುವುದಿಲ್ಲ, ಉಗುರಿನಲ್ಲಿ ಹೊಡೆದರೆ ಟಕ್ ಅನ್ನುತ್ತದೆ.

ಎರಡನೆಯದು ಫ್ರಿಜ್. ತಣ್ಣಗಾದ ಮುಚ್ಚಳ ಹೊರಗೆ ಬಂದ ಕೂಡಲೇ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ನಮ್ಮ ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಜೊತೆಗೆ ಕೆಳಗಿಂದ ಕ್ರೀಮ್‌ನ ತೇವ. ಸಿಎಂಸಿ ಎಷ್ಟು ಸುರಿದರೂ ಇದಕ್ಕೆ ಉಪಯೋಗವಿಲ್ಲ. ಪುಡಿ ಜಾಸ್ತಿಯಾದರೆ ಲಟ್ಟಿಸುವಾಗಲೇ ಬಿರುಕು ಬಿಡುತ್ತದೆ. 250 ಗ್ರಾಂ ಫಾಂಡಂಟ್‌ಗೆ ಒಂದು ಟೀ ಚಮಚ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಫಾಂಡಂಟ್ ಮುಚ್ಚಳಕ್ಕೆ ಕೈ ಹಾಕುವುದೇ ಇಲ್ಲ. ಮುಚ್ಚಳದ ಮೈ ಚಾಕೊಲೇಟ್‌ನದ್ದು, ಮೇಲಿನ ಹೊದಿಕೆ ಮಾತ್ರ ಫಾಂಡಂಟ್. ಮಾಡುವ ಕ್ರಮ ಹೇಳುತ್ತೇನೆ.

ಬಿಳಿ ಕಾಂಪೌಂಡ್ ಚಾಕೊಲೇಟ್ ತಗೊಳ್ಳಿ. ಅದಕ್ಕೆ ಟೆಂಪರಿಂಗ್ (ಹದವಾದ ಬಿಸಿಗೆ ಏರಿಸಿ ಇಳಿಸುವ ಕೆಲಸ) ಬೇಕಿಲ್ಲ. ಕರಗಿಸುವ ಪಾತ್ರೆ, ಚಮಚ ಎಲ್ಲ ಚೆನ್ನಾಗಿ ಒರೆಸಿ. ಒಂದು ಹನಿ ನೀರು ಬಿದ್ದರೂ ಚಾಕೊಲೇಟ್ ಗಂಟುಗಂಟಾಗಿ ಬಿಗಿದುಕೊಳ್ಳುತ್ತದೆ. ಬಿಸಿನೀರಿನ ಮೇಲೆ ಕರಗಿಸುವಾಗ ಆವಿ ಒಳಗೆ ಹೋಗದ ಹಾಗೆ ಅಗಲದ ಬೋಗುಣಿ ಇಡಿ. ಬಣ್ಣ ಬೇಕಿದ್ದರೆ ಎಣ್ಣೆಯಲ್ಲಿ ಬೆರೆಯುವ ಬಣ್ಣವೇ ಆಗಬೇಕು, ಜೆಲ್ ಬಣ್ಣದಲ್ಲಿ ನೀರಿರುತ್ತದೆ. ಸಮತಟ್ಟಾದ ಹಲಗೆ ಮೇಲೆ ದಪ್ಪ ಪ್ಲಾಸ್ಟಿಕ್ ಓಎಚ್‌ಪಿ ಶೀಟ್ ಹಾಸಿ, 5 ಮಿಲಿಮೀಟರ್ ದಪ್ಪಕ್ಕೆ ಸುರಿದು ಹರಡಿ.

ಇನ್ನು ಕತ್ತರಿಸುವ ಹೊತ್ತು. ಇದನ್ನು ಹಿಡಿಯುವುದೇ ಮುಖ್ಯ. ಮೇಲಿನ ಹೊಳಪು ಹೋಗಿ ಮಂಕಾಗಬೇಕು, ಬೆರಳು ತಾಗಿಸಿದರೆ ಅಂಟಬಾರದು, ಆದರೆ ಒತ್ತಿದರೆ ಸ್ವಲ್ಪ ತಗ್ಗಬೇಕು. ಆಗಲೇ ಕತ್ತರಿಸಿ. ನಮ್ಮ ಚಳಿಗೆ ಆ ಹದ ಬೇಗ ದಾಟಿಬಿಡುತ್ತದೆ, ಬೇರೆ ಕೆಲಸಕ್ಕೆ ಎದ್ದು ಹೋಗಬೇಡಿ. ತಡವಾದರೆ ಚಾಕು ಇಟ್ಟ ಕಡೆ ಬಿಟ್ಟು ಬೇರೆ ಕಡೆ ಸೀಳುತ್ತದೆ. ಹಾಗೆ ಗಟ್ಟಿಯಾಗಿಬಿಟ್ಟರೆ ಚಾಕು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ನಿಧಾನಕ್ಕೆ ಇಳಿಸಿ.

ಅಳತೆ ಕೇಕ್ ಟಿನ್ನಿಂದ ತೆಗೆಯಬೇಡಿ. ಗನಾಶ್, ಫಾಂಡಂಟ್ ಎಲ್ಲ ಸೇರಿ 6 ಇಂಚಿನ ಕೇಕ್ ಆರೂವರೆ ಇಂಚಿನ ಹತ್ತಿರ ಬರುತ್ತದೆ. ಮುಗಿದ ಕೇಕ್ ಅಳೆದು ಅದಕ್ಕಿಂತ ಅರ್ಧ ಇಂಚು ದೊಡ್ಡ ಚಾಕೊಲೇಟ್ ಹಲಗೆ ಕತ್ತರಿಸಿ. ಅದೇ ಚಾಕೊಲೇಟ್‌ನಲ್ಲಿ ಮುಕ್ಕಾಲು ಇಂಚು ಅಗಲದ 4 ಪಟ್ಟಿ ತೆಗೆದು, ಹಲಗೆಯ ಅಂಚಿಗೆ ಕರಗಿದ ಚಾಕೊಲೇಟ್‌ನಿಂದ ಅಂಟಿಸಿ. ಒಳಗಿನ ಮೂಲೆಗಳಿಗೂ ಒಂದು ಗೆರೆ ಎಳೆದರೆ ಭದ್ರ. ಗಟ್ಟಿಯಾದ ಮೇಲೆ ಹೊರಗೆ ತೆಳುವಾಗಿ ಶಾರ್ಟನಿಂಗ್ (ಬೇಕಿಂಗ್‌ಗೆ ಬಳಸುವ ಗಟ್ಟಿ ಕೊಬ್ಬು) ಸವರಿ, 2 ಮಿಲಿಮೀಟರ್ ಫಾಂಡಂಟ್ ಹೊದಿಸಿ. ಹೊದಿಕೆ ಸ್ವಲ್ಪ ಬೆವರಿದರೂ ಆಕಾರಕ್ಕೆ ಏನೂ ಆಗುವುದಿಲ್ಲ, ಭಾರ ಹೊರುವುದು ಚಾಕೊಲೇಟ್.

ಮಡಿಕೇರಿ_ಕೇಕ್:
ತುಂಬಾ ಥ್ಯಾಂಕ್ಸ್. ಆದರೆ ಇಷ್ಟು ಭಾರ ಕೇಕ್ ತಡೆಯುತ್ತದಾ? ಓರೆಯಾಗಿ ಬೇರೆ ನಿಲ್ಲಬೇಕು.

ಗೋಣಿಕೊಪ್ಪ_ಓವನ್:
7 ಇಂಚಿನ ಹಲಗೆಯೇ ಸುಮಾರು 200 ಗ್ರಾಂ, ಪಟ್ಟಿ, ಹೊದಿಕೆ, ಮೇಲಿಡುವ ರಿಬ್ಬನ್ ಗಂಟಿನಂಥ ಬೋ ಬೇರೆ. ವಿಪ್ಡ್ ಕ್ರೀಮ್ ಇದನ್ನು ತಡೆಯುವುದಿಲ್ಲ. ಕೇಕ್‌ಗೆ ಗನಾಶ್ ಹಾಕಿ. ಡಾರ್ಕ್ ಆದರೆ ಎರಡು ಪಾಲು ಚಾಕೊಲೇಟ್‌ಗೆ ಒಂದು ಪಾಲು ಕ್ರೀಮ್, ಬಿಳಿಯದಾದರೆ ಮೂರಕ್ಕೆ ಒಂದು. ಈ ಹವೆಗೆ ಹೊರಗೆ ಇಟ್ಟರೂ ಗಟ್ಟಿ ನಿಲ್ಲುತ್ತದೆ, ಕಾರ್ಯಕ್ರಮದ ದಿನ ಫ್ರಿಜ್ ಗೊಡವೆ ಇಲ್ಲ. ಒಳಗೆ ತಾಜಾ ಹಣ್ಣು, ಕ್ರೀಮ್ ತುಂಬಬೇಡಿ ಅಷ್ಟೇ.

ಓರೆಗೆ ನಾಲ್ಕು ದಪ್ಪ ಸ್ಟ್ರಾ ಕೇಕ್‌ನಲ್ಲಿ ನೆಡಿ. ಹಿಂದಿನ ಎರಡು ಸ್ಟ್ರಾ ಕೇಕ್ ಮಟ್ಟಕ್ಕೆ, ಮುಂದಿನ ಎರಡು ಕೇಕ್‌ಗಿಂತ ಒಂದೂವರೆ ಇಂಚು ಎತ್ತರಕ್ಕೆ. ತುದಿಗೆ ಕರಗಿದ ಚಾಕೊಲೇಟ್ ಹಚ್ಚಿ ಮುಚ್ಚಳ ಕೂರಿಸಿ. ಮುಂದಿನ ಸ್ಟ್ರಾಗಳನ್ನು ಹೂವು ಮರೆಮಾಡುತ್ತದೆ. ಸ್ಟ್ರಾ ಇದೆ ಅಂತ ಕೇಕ್ ಕತ್ತರಿಸುವವರಿಗೆ ತಪ್ಪದೇ ಹೇಳಿ.

ಕುಶಾಲನಗರ_ಸಿಹಿ:
ನಮ್ಮ ಕಡೆ ಮಳೆ ಕಡಿಮೆ, ಹಾಗಾಗಿ ನಾನು ಈಗಲೂ ಗಮ್ ಪೇಸ್ಟ್ (ಗಟ್ಟಿಯಾಗಿ ಒಣಗುವ ಸಕ್ಕರೆ ಹಿಟ್ಟು) ಮುಚ್ಚಳ ಮಾಡುತ್ತೇನೆ. ಗಿಫ್ಟ್ ಬಾಕ್ಸ್‌ನ ಚೂಪು ಅಂಚು ಅದರಲ್ಲಿ ಬಂದಷ್ಟು ಚೆನ್ನಾಗಿ ಚಾಕೊಲೇಟ್‌ನಲ್ಲಿ ಬರುವುದಿಲ್ಲ ಅಂತ ನನ್ನ ಅನಿಸಿಕೆ. ಕಾರ್ನ್ ಫ್ಲೋರ್ ಉದುರಿಸಿದ ಸ್ಪಂಜಿನ ಹಾಳೆ ಮೇಲೆ ಇಟ್ಟು, 6 ಗಂಟೆಗೊಮ್ಮೆ ತಿರುಗಿಸಿ, ಫ್ಯಾನ್ ಕೆಳಗೆ 2 ದಿನ. ಮಡಿಕೇರಿಯಲ್ಲಾದರೆ ಬಟ್ಟೆ ಬೂಸ್ಟು ಹಿಡಿಯದಿರಲಿ ಅಂತ ಬೀರುವಿನೊಳಗೆ ಬಲ್ಬ್ ಉರಿಸುತ್ತಾರಲ್ಲ, ಅದೇ ಉಪಾಯ. ಖಾಲಿ ಬೀರುವಿನಲ್ಲಿ ಜಾಲರಿ ಇಟ್ಟು, ಅದರ ಮೇಲೆ ಮುಚ್ಚಳ, ದೂರದಲ್ಲಿ ಹಳೇ ಕಾಲದ ಬಿಸಿಯಾಗುವ ಬಲ್ಬ್. ಎಲ್ಇಡಿ ಬಲ್ಬ್‌ನ ಬಿಸಿ ಸಾಲುವುದಿಲ್ಲ. ಬಾಗಿಲು ಒಂದಿಂಚು ತೆರೆದಿರಲಿ. ಕರೆಂಟ್ ಹೋದರೆ ಗಾಳಿಯಾಡದ ಡಬ್ಬಿಗೆ ಹಾಕಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು. ಅವು ಮುಚ್ಚಳಕ್ಕೆ ತಾಗಬಾರದು.

ಸೋಮವಾರಪೇಟೆ_ಬೇಕ್ಸ್:
ಇಷ್ಟೆಲ್ಲ ಯಾಕೆ? ಥರ್ಮಾಕೋಲ್ ಹಲಗೆಗೆ ಫಾಂಡಂಟ್ ಹೊದಿಸಿ. ಹಗುರ, ಬಾಗುವುದೂ ಇಲ್ಲ.

ಗೋಣಿಕೊಪ್ಪ_ಓವನ್:
ಬೇರೆ ಆರ್ಡರ್‌ಗೆ ಸರಿ, ಇದಕ್ಕೆ ಬೇಡ. ತಿನ್ನುವಂಥದ್ದೇ ಬೇಕು ಅಂತ ಅವರು ಕೇಳಿದ್ದಾರೆ. ಮುಚ್ಚಳ ಮುರಿದು ಹಂಚುವಾಗ ಮೊದಲು ಕೈ ಚಾಚುವುದು ಮಕ್ಕಳು. ಬಾಯಿಗೆ ಥರ್ಮಾಕೋಲ್ ಹೋಗಬಾರದು. ಹಾಗೆಯೇ ಬೋಗೆ ಹಚ್ಚುವ ಚಿನ್ನದ ಬಣ್ಣದ ಪುಡಿ. ಡಬ್ಬಿ ಮೇಲೆ ನಾನ್-ಟಾಕ್ಸಿಕ್ ಅಂತ ಇದ್ದ ಮಾತ್ರಕ್ಕೆ ತಿನ್ನಬಹುದು ಅಂತಲ್ಲ. ಪದಾರ್ಥಗಳ ಪಟ್ಟಿ, ಎಫ್ಎಸ್ಎಸ್ಎಐ ಪರವಾನಗಿ ಸಂಖ್ಯೆ ಎರಡೂ ಇರುವುದನ್ನೇ ತಗೊಳ್ಳಿ.

ಮಡಿಕೇರಿ_ಕೇಕ್:
ಸಣ್ಣದೊಂದು ಪ್ರಯೋಗ ಮಾಡಿ ನೋಡಿದೆ. ಚಾಕೊಲೇಟ್ ಹಲಗೆ ರಾತ್ರಿಯಿಡೀ ಹೊರಗಿತ್ತು, ಒಂದಿಷ್ಟೂ ಬಾಗಿಲ್ಲ. ಅದನ್ನೇ ಮಾಡುತ್ತೇನೆ. ಬೋ ಮಾತ್ರ ಗಮ್ ಪೇಸ್ಟ್, ಬೀರುವಿನಲ್ಲಿ ಒಣಗಿಸುತ್ತೇನೆ. ಕೊನೆಯ ಪ್ರಶ್ನೆ: ಮೂರ್ನಾಡು ಮೇಲೆ ವಿರಾಜಪೇಟೆಗೆ ಕಾರಿನಲ್ಲಿ ಒಯ್ಯಬೇಕು. ಮುಚ್ಚಳ ಇಲ್ಲೇ ಕೂರಿಸಿ ಒಯ್ಯಲಾ?

ಗೋಣಿಕೊಪ್ಪ_ಓವನ್:
ಬೇಡ ಅಕ್ಕ. ಆ ತಿರುವುಗಳಲ್ಲಿ ಓರೆ ಮುಚ್ಚಳ ಜಾರಿದರೆ ಕೇಕ್‌ನ ಮೇಲ್ಭಾಗವನ್ನೂ ಕಿತ್ತುಕೊಂಡು ಹೋಗುತ್ತದೆ. ಸ್ಟ್ರಾಗಳನ್ನು ಮನೆಯಲ್ಲೇ ನೆಟ್ಟು ಹೋಗಿ. ಮುಚ್ಚಳ ಬೇರೆ ಡಬ್ಬಿಯಲ್ಲಿ, ಸ್ಪಂಜಿನ ಮೇಲೆ ಅಂಗಾತ. ಬೋ ಇನ್ನೊಂದರಲ್ಲಿ. ಕೇಕ್ ಡಿಕ್ಕಿಯ ಸಮತಟ್ಟು ಜಾಗದಲ್ಲಿ, ಅಡಿಗೆ ಜಾರದ ಮ್ಯಾಟ್. ಕಾರಿನ ಹೀಟರ್ ಹಾಕಬೇಡಿ. ಹಾಲ್‌ಗೆ ಹೋದ ಮೇಲೆ ಅಂಟಿಸಲು ಸ್ವಲ್ಪ ಕಾಂಪೌಂಡ್ ಪೈಪಿಂಗ್ ಕವರ್‌ನಲ್ಲಿ ಹಾಕಿ ತಗೊಂಡು ಹೋಗಿ. ಅಲ್ಲಿ ಒಂದು ಲೋಟ ಬಿಸಿನೀರು ಕೇಳಿ ಕವರ್ ಅದ್ದಿದರೆ ಕರಗುತ್ತದೆ. ತುದಿ ಕತ್ತರಿಸುವ ಮೊದಲು ಕವರ್ ಒರೆಸಿ. ಕಾರ್ಯಕ್ರಮಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ ಕೂರಿಸಿ.