ಪಂಚಾಂಗ, ಪೆರು ಮತ್ತು ಭಾವನ ಅಡಿಕೆ

"ಮಳೆಗೆ ಮರ್ಲು ಹಿಡಿದಿದೆ" ಅಂತ ಭಾವ ತೀರ್ಪು ಕೊಟ್ಟ. ಕಾಸರಗೋಡಿನ ಬದಿಯಡ್ಕದಲ್ಲಿ ಕಾಕನ ಚಾದಂಗಡಿಯಲ್ಲಿ ಕೂತು ತೀರ್ಪು ಕೊಡಲು ಒಂದು ಸುಲೈಮಾನಿ ಚಾ ಸಾಕು, ಸಾಕ್ಷಿ ಬೇಡ. ಅಡಿಕೆಗೆ ಕೊಳೆರೋಗ ಬಾರದಂತೆ ಎರಡನೇ ಸಲ ಮದ್ದು ಬಿಡಬೇಕು. ಮೈಲುತುತ್ತು ತಂದಾಗಿದೆ, ಸುಣ್ಣ ತಂದಾಗಿದೆ, ದೋಟಿಯವನೂ ಒಪ್ಪಿದ್ದಾನೆ. ಮಳೆ ಮಾತ್ರ ಒಪ್ಪುತ್ತಿಲ್ಲ.

"ಅಜ್ಜನ ಕಾಲದಲ್ಲಿ ಪಂಚಾಂಗ ನೋಡಿ ಬಟ್ಟೆ ಒಣಗಲು ಹಾಕುತ್ತಿದ್ದರು. ಈಗ?"

ರಿಟೈರಾದ ಮಾಸ್ಟ್ರು ಕೈಯಲ್ಲಿದ್ದ ಗೋಳಿಬಜೆ ಕೆಳಗಿಟ್ಟರು. ಅವರು ತಿಂಡಿ ಕೆಳಗಿಟ್ಟರೆ ಪಾಠ ಶುರು ಅಂತ ಅರ್ಥ.

"ಮಳೆ ಹಾಗಿರಲಿ, ನಿನ್ನ ಪಂಚಾಂಗವೇ ಜಾರುತ್ತಿದೆ ಗೊತ್ತುಂಟಾ? ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಆರ್ದ್ರೆ, ಪುನರ್ವಸು ಎಲ್ಲ ಅದೇ ಲೆಕ್ಕ. ಆದರೆ ಭೂಮಿಯ ಅಕ್ಷ ಮೆಲ್ಲ ತಿರುಗುತ್ತಿದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ನಕ್ಷತ್ರಕ್ಕೂ ಋತುವಿಗೂ ಹೆಚ್ಚುಕಮ್ಮಿ 72 ವರ್ಷಕ್ಕೆ ಒಂದು ದಿನ ವ್ಯತ್ಯಾಸ ಬೀಳುತ್ತದೆ."

"ಅಂದರೆ ನನ್ನ ಅಜ್ಜನ ಆರ್ದ್ರೆಯೇ ಬೇರೆ, ನನ್ನ ಆರ್ದ್ರೆಯೇ ಬೇರೆ!"

"ಒಂದೇ ದಿನ ಮಾರಾಯ. ಅಷ್ಟಕ್ಕೆಲ್ಲ ಕೊಳೆರೋಗ ಬರುವುದಿಲ್ಲ."

ಕಾಕ ಒಳಗಿಂದ ತಲೆ ಹಾಕಿದರು. "ಆರ್ದ್ರೆ ಅಂದರೆ ನಮ್ಮ ತಿರುವಾದಿರ ಞಾಟ್ಟುವೇಲ ಅಲ್ವಾ? ಪರಂಗಿಗಳು ಕರಿಮೆಣಸಿನ ಬಳ್ಳಿ ಕೊಂಡುಹೋದರು ಅಂತ ದೂರು ಬಂದಾಗ ಕಲ್ಲಿಕೋಟೆಯ ಸಾಮೂದಿರಿ ರಾಜ ನಕ್ಕನಂತೆ. ಬಳ್ಳಿ ಕೊಂಡುಹೋಗಲಿ, ಞಾಟ್ಟುವೇಲ ಕೊಂಡುಹೋಗಲಿಕ್ಕೆ ಆಗ್ತದಾ ಅಂತ." ಕತೆ ನಿಜವೋ ಸುಳ್ಳೋ, ಒಂದೇ ಮಳೆಯ ಬಗ್ಗೆ ಎರಡು ಭಾಷೆಯಲ್ಲಿ ಜಂಬ ಕೊಚ್ಚುವ ಸುಖ ಕಾಸರಗೋಡಿನವರಿಗೆ ಉಂಟು.

"ಈಗ ಅದನ್ನೂ ಯಾರೋ ಕೊಂಡುಹೋಗಿದ್ದಾರೆ" ಅಂದ ಭಾವ.

"ಕೆಲವು ವರ್ಷ ಪೆಸಿಫಿಕ್ ಸಮುದ್ರ ಕೊಂಡುಹೋಗುತ್ತದೆ" ಅಂದರು ಮಾಸ್ಟ್ರು. "ಪೆರು ದೇಶದ ಕಡೆಯಿಂದ ನಡು ಪೆಸಿಫಿಕ್‌ವರೆಗೆ ನೀರು ವಾಡಿಕೆಗಿಂತ ಬಿಸಿಯಾದರೆ ಎಲ್ ನಿನೊ. ಆಗ ಅಲ್ಲಿ ಗಾಳಿ ಮೇಲೇರಿ ಮಳೆ ಸುರಿಯುತ್ತದೆ. ನಮ್ಮ ಕಡೆ ಗಾಳಿ ಕೆಳಗಿಳಿಯುತ್ತದೆ, ಮೋಡ ಕಟ್ಟುವುದಿಲ್ಲ. 2023ರ ಆಗಸ್ಟ್ ನೆನಪುಂಟಲ್ಲ? 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ."

ನನಗೆ ನೆನಪುಂಟು. ಅಂಗಳದಲ್ಲಿ ಹಪ್ಪಳ ಒಣಗಿಸಬಹುದಾದಂಥ ಬಿಸಿಲು. ಛತ್ರಿ ಹಿಡಿದವರನ್ನು ಜನ ತಿರುಗಿ ನೋಡುತ್ತಿದ್ದರು.

"ಪೆರುವಿನ ನೀರು ಬಿಸಿಯಾದರೆ ಪೆರ್ಲದ ತೋಡು ಬತ್ತುವುದಾ?" ಭಾವನಿಗೆ ಇದು ಅನ್ಯಾಯ ಅನಿಸಿತು. ಪಕ್ಕದ ಮನೆಯವನ ಬೋರ್‌ವೆಲ್ ಆಗಿದ್ದರೆ ಹೋಗಿ ಜಗಳವಾದರೂ ಆಡಬಹುದಿತ್ತು.

"ಯಾವಾಗಲೂ ಹಾಗಲ್ಲ. 1997ರಲ್ಲಿ ಭಾರೀ ಎಲ್ ನಿನೊ, ಆದರೂ ದೇಶಕ್ಕೆ ಮಳೆ ಸರಿಯಾಗಿಯೇ ಬಂತು. 2002ರದ್ದು ಅಷ್ಟು ಜೋರಿನದ್ದಲ್ಲ, ಆದರೂ ಬರಗಾಲ. ನಮ್ಮ ಹಿಂದೂ ಮಹಾಸಾಗರಕ್ಕೂ ಒಂದು ಏತದಾಟ ಉಂಟು. ಆಫ್ರಿಕಾದ ಬದಿ ಬಿಸಿ, ಇಂಡೋನೇಷ್ಯಾದ ಬದಿ ತಂಪು ಆದರೆ ಹೆಚ್ಚಾಗಿ ನಮಗೆ ಲಾಭ. 1997ರಲ್ಲಿ ಅದು ನಮ್ಮ ಕಡೆಗಿತ್ತು."

"2025ರಲ್ಲಿ? ಮೇ 24ಕ್ಕೇ ಕೇರಳಕ್ಕೆ ಮುಂಗಾರು! ಪತ್ತನಾಜೆಯ ದಿನ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಮಳೆ ಗೆಜ್ಜೆ ಕಟ್ಟಿ ಬಂತು. ನಾನು ಮೊದಲ ಮದ್ದನ್ನೇ ಬಿಟ್ಟಿರಲಿಲ್ಲ."

ಅದು ಭಾವನ ಹಳೆಯ ಗಾಯ. ಮುಂಗಾರಿನ ವಾಡಿಕೆಯ ದಿನ ಜೂನ್ 1, ಭಾವ ಕ್ಯಾಲೆಂಡರ್ ನೋಡಿ ಕೂತಿದ್ದ. ಮಾಸ್ಟ್ರು ಅದಕ್ಕೂ ಬಿಡಲಿಲ್ಲ. ಭೂಮಧ್ಯರೇಖೆಯ ಉದ್ದಕ್ಕೆ ಮೋಡದ ಒಂದು ದಂಡು ಪೂರ್ವಕ್ಕೆ ಸರಿಯುತ್ತಾ ಇರುತ್ತದಂತೆ, 30ರಿಂದ 60 ದಿನಕ್ಕೆ ಒಂದು ಸುತ್ತು. ಅದು ನಮ್ಮ ಸಮುದ್ರಕ್ಕೆ ಬಂದಾಗ ಮುಂಗಾರಿಗೆ ದಮ್ಮು ಬರುತ್ತದೆ, ದಾಟಿಹೋದರೆ ಮಳೆ ಕೂತುಬಿಡುತ್ತದೆ.

"ಘಟ್ಟ?" ಅಂತ ನಾನು ಕೇಳಿದೆ, ಸುಮ್ನೆ ಕೂತರೆ ದಡ್ಡ ಅಂದಾರು ಅಂತ.

"ಘಟ್ಟ ಎಲ್ಲಿಗೂ ಹೋಗಿಲ್ಲ. ಸಮುದ್ರದ ಗಾಳಿ ಅದಕ್ಕೆ ಗುದ್ದಿ ಮೇಲೇರಿ ತಣ್ಣಗಾಗುತ್ತದೆ. ಅದರಿಂದಲೇ ನಮಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ."

ಇಷ್ಟು ಸುರಿದೂ ಎಪ್ರಿಲ್‌ನಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಬಾಯಲ್ಲಿ ಕೊಡ ಇಟ್ಟು ಕಾಯುವವರು ನಾವೇ. ಕಡಿದಾದ ಗುಡ್ಡ, ಒಳಗೆಲ್ಲ ಮುರಕಲ್ಲು. ಬಿದ್ದ ನೀರಿಗೆ ಸಮುದ್ರ ಸೇರುವ ಅವಸರ.

ಭಾವನ ಮುಖದಲ್ಲಿ ಮಾತ್ರ ಕಳೆ ಬಂತು. "ಹಾಗಾದರೆ ಎಲ್ಲ ಪ್ರಕೃತಿಯದ್ದೇ ಆಟ. ನಮ್ಮ ತಪ್ಪೇನೂ ಇಲ್ಲ."

"ತಡಿ. ಇದೆಲ್ಲ ಬಂದು ಹೋಗುವ ಆಟ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಜ್ವಾಲಾಮುಖಿ ಸಿಡಿದು ಇಡೀ ಭೂಮಿ ಅರ್ಧ ಡಿಗ್ರಿಯಷ್ಟು ತಂಪಾಯಿತು. ಒಂದೆರಡು ವರ್ಷದಲ್ಲಿ ಅದೂ ಮುಗಿಯಿತು. ಸೂರ್ಯನ ಕಲೆಗಳು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ, ಬಿಸಿಲಿನಲ್ಲಿ ವ್ಯತ್ಯಾಸ ನೂರಕ್ಕೆ 0.1 ಅಷ್ಟೇ. ಆದರೆ ಅರಬ್ಬೀ ಸಮುದ್ರ ಹತ್ತಾರು ವರ್ಷದಿಂದ ಬಿಸಿಯಾಗುತ್ತಲೇ ಇದೆ, ಇಳಿಯುವ ಲಕ್ಷಣ ಇಲ್ಲ. ಬಿಸಿ ಗಾಳಿಗೆ ಜಾಸ್ತಿ ನೀರು ಹೊರುವ ಶಕ್ತಿ, ಸುರಿದರೆ ಒಂದೇ ಸಲ ಸುರಿಯುತ್ತದೆ. ಅದು ಪೆರುವಿನ ಕೆಲಸವಲ್ಲ, ನಮ್ಮ ಹೊಗೆಯದ್ದು."

ಭಾವ ಹೊರಗೆ ನಿಲ್ಲಿಸಿದ್ದ ತನ್ನ ಹಳೆಯ ಡೀಸೆಲ್ ಜೀಪಿನ ಕಡೆ ನೋಡಿದ. "ತಿರುಗಿಸಿ ತಿರುಗಿಸಿ ನನ್ನ ಜೀಪಿಗೇ ತಂದಿರಾ ಮಾಸ್ಟ್ರೇ?"

ಕಾಕ ಗ್ಲಾಸು ಎತ್ತುತ್ತಾ ಅವನ ಪರ ನಿಂತರು. "ಪಾಪ, ಆ ಜೀಪಿಗೆ ಹೇಳಬೇಡಿ. ಅದು ಸ್ಟಾರ್ಟ್ ಆದರೆ ತಾನೇ ಹೊಗೆ? ದಿನಾ ತಳ್ಳುವವರು ನಾವು."