671121 ಅನ್ನು ಪೂರ್ತಿ ಒಡೆಯುವುದು ಹೇಗೆ?

ಕುಂಬಳೆ ಅಂಗಡಿ:
ಏಳನೇ ಕ್ಲಾಸಿನ ಮಗಳಿಗೆ ಒಂದು ದೊಡ್ಡ ಸಂಖ್ಯೆ ಹಿಡಿದು ಅದರ ಗುಣಗಳನ್ನು ಬರೆಯುವ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಪಾರ್ಸೆಲ್ ಮೇಲಿದ್ದ ಕಾಸರಗೋಡಿನ ಪಿನ್‌ಕೋಡ್ 671121 ಆರಿಸಿದ್ದಾಳೆ. ಅಂಕೆ ಕೂಡಿದರೆ 18, ಹಾಗಾಗಿ 9ರಿಂದ ಭಾಗ ಹೋಯಿತು. 74569 ಬಂತು. ಮುಂದೆ? ಕ್ಯಾಲ್ಕುಲೇಟರ್ ಮುಟ್ಟಬಾರದಂತೆ.

ಬದಿಯಡ್ಕ ಟ್ಯೂಷನ್ ಮೇಷ್ಟ್ರು:
ಒಳ್ಳೇ ಸಂಖ್ಯೆಯನ್ನೇ ಹಿಡಿದಿದ್ದಾಳೆ ಮಾರಾಯ್ರೇ! ಎರಡೆರಡು ಅಂಕೆ ಜೋಡಿ ಮಾಡಿ ಕೂಡಿಸಿ: 67 + 11 + 21 = 99. ಅಂದರೆ ಇಡೀ ಸಂಖ್ಯೆ 99ರಿಂದಲೇ ಭಾಗ ಹೋಗುತ್ತದೆ. 100ನ್ನು 99ರಿಂದ ಭಾಗಿಸಿದರೆ 1 ಉಳಿಯುತ್ತದೆ ಅಲ್ವಾ? 10000ಕ್ಕೂ ಅಷ್ಟೇ. ಅದಕ್ಕೇ ಈ ಉಪಾಯ ನಡೆಯುವುದು. ಬರುವ ಉತ್ತರ 6779. ತಾಳೆ ನೋಡಲು 677900ರಿಂದ 6779 ಕಳೆಯಿರಿ.

ಈ 6779 ಅವಿಭಾಜ್ಯ. ಸುಮ್ನೆ ನಂಬಬೇಡಿ. 83ರ ವರ್ಗ 6889, ಜಾಸ್ತಿಯಾಯಿತು. ಹಾಗಾಗಿ 79ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 47ರಲ್ಲಿ 11 ಉಳಿಯುತ್ತದೆ, 67ರಲ್ಲಿ 12. ಬೋರು ಹೊಡೆಸುವ ಕೆಲಸ, ಆದರೆ ಅವಳೇ ಮಾಡಲಿ (ನೀವು ಕೈ ಹಾಕಬೇಡಿ). ಕೊನೆಗೆ 671121 = 3 × 3 × 11 × 6779. ಒಟ್ಟು ಅಪವರ್ತನಗಳು 12.

ಉಪ್ಪಳದ ಹಳೇ ಪೋಸ್ಟ್‌ಮ್ಯಾನ್:
ನಿಮ್ಮ ಕುಂಬಳೆಯ 671321 ಯಾಕೆ ಬಿಟ್ಟಳು? ಅದು 7ರಿಂದ ಭಾಗ ಹೋಗುತ್ತದೆ, 95903 ಸಲ. ನಮ್ಮ 671322 ಬರೀ ಸಮಸಂಖ್ಯೆ, 6ರಿಂದ ಸಲೀಸಾಗಿ ಒಡೆಯುತ್ತದೆ, ಮಜಾ ಇಲ್ಲ.

ಕುಂಬಳೆ ಅಂಗಡಿ:
ಮೇಷ್ಟ್ರೇ, 37ರವರೆಗೆ ಬಂದಿದ್ದಾಳೆ, 8 ಉಳಿಯಿತಂತೆ. ನನ್ನ ಬಿಲ್ ಪುಸ್ತಕದ ಹಿಂದಿನ ಹಾಳೆಗಳೆಲ್ಲ ಖಾಲಿ!